ಚಿಕಿತ್ಸೆಯ ಲೆಕ್ಕವೂ ತಕ್ಕಡಿಯ ಧರ್ಮವೂ

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ ಎಂಬುದೂ ಒಂದು. ಕೊಳ್ಳುವಾಗ ಹಿರಿದಾದ ಅಳತೆಯನ್ನೂ ಕೊಡುವಾಗ ಕಿರಿದಾದ ಅಳತೆಯನ್ನೂ ಬಳಸುವುದೇ ಈ ದೋಷ. ಪರರ ಮನೆಯ ಬಾಗಿಲು ಮುರಿಯದಿದ್ದರೂ, ಪೆಟ್ಟಿಗೆಗೆ ಕೈ ಹಾಕದಿದ್ದರೂ, ತೂಕದ ಕಲ್ಲನ್ನು ಸವೆಯಿಸಿದವನು ವ್ರತಕ್ಕೆ ಕಳಂಕ ತಂದನೆಂದೇ ಆಚಾರ್ಯರು ಎಣಿಸಿದರು. ಅದಕ್ಕೆ ಕಾರಣ ಸ್ಪಷ್ಟವಾಗಿದೆ. ತಕ್ಕಡಿ ಇರುವುದು ಮಾರುವವನ ಕೈಯಲ್ಲಿ. ಕೊಳ್ಳುವವನ ಬಳಿ ಇರುವುದು ನಂಬಿಕೆಯೊಂದೇ. ಆ ನಂಬಿಕೆಯನ್ನು ಕದ್ದವನು ಧಾನ್ಯವನ್ನು ಕದ್ದವನಿಗಿಂತ ಕಡಿಮೆಯವನಲ್ಲ.

ಧಾನ್ಯಕ್ಕೂ ಬಟ್ಟೆಗೂ ಚಿನ್ನಕ್ಕೂ ಈಗ ಸರಕಾರದ ಮುದ್ರೆಯೊತ್ತಿದ ತೂಕ ಅಳತೆಗಳುಂಟು. ಆದರೆ ಮನಸ್ಸಿನ ಕಾಯಿಲೆಗೆ ನೀಡುವ ಚಿಕಿತ್ಸೆಯ ಫಲವನ್ನು ತೂಗುವ ತಕ್ಕಡಿಗೆ ಯಾರ ಮುದ್ರೆ ಇದೆ? ರೋಗಿಯ ಬುದ್ಧಿಗೆ ಮಬ್ಬು ಕವಿದಿರುತ್ತದೆ. ಮನೆಯವರು ದಣಿದು, ನೆರೆಹೊರೆಯ ನಾಲಗೆಗೆ ಅಂಜಿ, ಯಾರಲ್ಲಿಯೂ ಹೇಳಿಕೊಳ್ಳಲಾರದೆ ಬಂದಿರುತ್ತಾರೆ. ರೋಗಿ ಸುಧಾರಿಸಿದನೆಂದು ಹೇಳುವವನು ಚಿಕಿತ್ಸೆ ಕೊಟ್ಟವನೇ. ಎಷ್ಟು ಮಂದಿ ಸುಧಾರಿಸಿದರೆಂದು ಎಣಿಸುವುದು ಆ ಸಂಸ್ಥೆಯೇ. ಆ ಎಣಿಕೆಯನ್ನು ಓದಿ ಹೇಳುವುದು ದಾನಿಗಳ ಸಭೆಯಲ್ಲಿ. ಮೂರು ಕಡೆಯಲ್ಲಿಯೂ ತಕ್ಕಡಿ ಕೊಡುವವನ ಕೈಯಲ್ಲಿಯೇ ಉಳಿಯುತ್ತದೆ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಗೌರವಿಸುವ ಸಮಾಜವು, ಆ ದಾನ ತಲುಪಬೇಕಾದವನಿಗೆ ತಲುಪಿತೇ ಎಂಬ ಲೆಕ್ಕವನ್ನು ಕೇಳದೆ ಇರುವುದು ಆಶ್ಚರ್ಯದ ಸಂಗತಿಯಲ್ಲವೇ?

ಈ ವಿಷಯದಲ್ಲಿ ಎರಡು ತಪ್ಪು ಮತಗಳು ಪ್ರಚಾರದಲ್ಲಿವೆ. ಮನಸ್ಸು ಅಮೂರ್ತ, ಅದರ ಸುಖದುಃಖಗಳನ್ನು ಅಂಕಿಗಳಲ್ಲಿ ಹಿಡಿಯಲಾಗದು, ಆದುದರಿಂದ ಲೆಕ್ಕವೇ ಬೇಡ ಎಂಬುದು ಮೊದಲನೆಯದು. ಶೇಕಡಾ ಎಷ್ಟು ಗುಣವಾಯಿತೆಂಬ ಒಂದೇ ಅಂಕಿ ಸಾಕು, ಅದನ್ನು ಸ್ಮರಣಸಂಚಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಿದರೆ ಕರ್ತವ್ಯ ಮುಗಿಯಿತು ಎಂಬುದು ಎರಡನೆಯದು. ಮೊದಲನೆಯದು ತಕ್ಕಡಿಯನ್ನೇ ಎಸೆಯುತ್ತದೆ. ಎರಡನೆಯದು ತಕ್ಕಡಿಯ ಕೆಳಗೆ ಮೇಣ ಅಂಟಿಸುತ್ತದೆ. ಎರಡರಿಂದಲೂ ನಷ್ಟವಾಗುವುದು ರೋಗಿಗೇ.

ನೂರಕ್ಕೆ ನೂರು ಗುಣವಾದ ಕಾಲ

ಮೇಣದ ತಕ್ಕಡಿಯ ಕಥೆ ಹೊಸತಲ್ಲ. ಎರಡು ಶತಮಾನಗಳ ಹಿಂದೆ ಅಮೆರಿಕ ದೇಶದಲ್ಲಿ ಮಾನಸಿಕ ರೋಗಿಗಳಿಗೆಂದು ಆಶ್ರಯಾಲಯಗಳು ಒಂದೊಂದಾಗಿ ತೆರೆದುಕೊಂಡವು. ಸರಪಳಿಯ ಬದಲು ಸದಯ ವರ್ತನೆ, ಕೆಲಸ, ಕ್ರಮಬದ್ಧ ದಿನಚರಿ ಇವುಗಳಿಂದ ರೋಗಿಯನ್ನು ಗುಣಪಡಿಸಬಹುದೆಂಬ ನಂಬಿಕೆ ಅವುಗಳ ಹಿಂದಿತ್ತು. ಉದ್ದೇಶ ಉದಾತ್ತವೇ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಆಶ್ರಯಾಲಯವು ಒಂದು ವರ್ಷದಲ್ಲಿ ಹೊಸದಾಗಿ ಕಾಯಿಲೆ ಬಿದ್ದ 23 ಮಂದಿಯಲ್ಲಿ 21 ಮಂದಿ ಗುಣಹೊಂದಿದರೆಂದು ವರದಿ ಮಾಡಿತು. ಬ್ರಿಟಿಷ್ ನೌಕಾದಳದ ಕ್ಯಾಪ್ಟನ್ ಬೇಸಿಲ್ ಹಾಲ್ 1829ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಕಥನದಲ್ಲಿ ಅದನ್ನು ಎತ್ತಿ ಹೇಳಿದನು. ಶೇಕಡಾ ತೊಂಬತ್ತೊಂದು! ಕೇವಲ 23 ಮಂದಿಯ ಲೆಕ್ಕ ಎಂಬುದು ಮರೆಯಾಯಿತು. ಶೇಕಡಾವಾರು ಮಾತ್ರ ಎಲ್ಲರ ಬಾಯಲ್ಲಿ ಉಳಿಯಿತು.

ಅಲ್ಲಿಂದ ಪೈಪೋಟಿ ಆರಂಭವಾಯಿತು. ಒಂದು ಆಶ್ರಯಾಲಯ ಎಂಬತ್ತು ಎಂದರೆ ಇನ್ನೊಂದು ತೊಂಬತ್ತು ಎಂದಿತು. 1840ರ ದಶಕದ ಆರಂಭದಲ್ಲಿ ಒಹಾಯೋ ರಾಜ್ಯದ ವೈದ್ಯ ವಿಲಿಯಂ ಆಲ್ ನೂರಕ್ಕೆ ನೂರು ಎಂದು ವರದಿ ಮಾಡಿದನು. ಜನ ಅವನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ ಅವನನ್ನು ‘ಕ್ಯೂರ್ ಆಲ್’, ಅಂದರೆ ಸರ್ವರೋಗನಿವಾರಕ, ಎಂದು ಕರೆದರು. ಇದರಲ್ಲಿ ಅಪ್ಪಟ ಸುಳ್ಳು ಬರೆದವರು ಬಹುಶಃ ಯಾರೂ ಇರಲಿಲ್ಲ. ಹಳೆಯ ರೋಗಿಗಳನ್ನು ಲೆಕ್ಕದಿಂದ ಹೊರಗಿಟ್ಟು ಹೊಸಬರನ್ನು ಮಾತ್ರ ಎಣಿಸುವುದು, ಸತ್ತವರನ್ನು ಬಿಡುವುದು, ಬಂದವರ ಬದಲು ಬಿಡುಗಡೆಯಾದವರನ್ನೇ ಛೇದವನ್ನಾಗಿ ಇಟ್ಟುಕೊಳ್ಳುವುದು, ಇಷ್ಟರಿಂದಲೇ ಶೇಕಡಾವಾರು ಏರುತ್ತಿತ್ತು. ವಸೂಲಾಗದ ಉದ್ರಿಯನ್ನು ಖಾತೆಯಿಂದ ತೆಗೆದುಹಾಕಿ, ಉಳಿದದ್ದೆಲ್ಲ ವಸೂಲಾಗಿದೆ ಎಂದು ಹಿಗ್ಗುವ ವರ್ತಕನ ಲೆಕ್ಕ ಇದು.

ಎಲ್ಲಕ್ಕಿಂತ ದೊಡ್ಡ ದೋಷ ಬೇರೆ ಇತ್ತು. ಅದನ್ನು ಬಯಲಿಗೆಳೆದವನು ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಥಾಂಪ್ಟನ್ ಆಸ್ಪತ್ರೆಯ ಮುಖ್ಯಸ್ಥ ಪ್ಲಿನಿ ಅರ್ಲ್. 1877ರಲ್ಲಿ ಅವನು ಪ್ರಕಟಿಸಿದ ಪರಿಶೀಲನೆಯು ಆಶ್ರಯಾಲಯಗಳ ವರದಿಗಳನ್ನು ಒಂದಕ್ಕೊಂದು ತಾಳೆ ನೋಡಿ, ಅವು ವ್ಯಕ್ತಿಗಳನ್ನು ಎಣಿಸದೆ ಬಿಡುಗಡೆಗಳನ್ನು ಎಣಿಸಿವೆ ಎಂದು ತೋರಿಸಿತು. ಒಬ್ಬಳೇ ಸ್ತ್ರೀ ಗುಣಮುಖಳೆಂದು ಮನೆಗೆ ಹೋಗಿ, ಮತ್ತೆ ಕಾಯಿಲೆ ಬಿದ್ದು ಒಳಗೆ ಬಂದು, ಮತ್ತೆ ಗುಣಮುಖಳೆಂದು ಹೋದರೆ ಲೆಕ್ಕದಲ್ಲಿ ಇಬ್ಬರು ಗುಣಹೊಂದಿದಂತೆ. ಹೀಗೆ ಹತ್ತಾರು ಬಾರಿ ಗುಣವಾದವರೂ ಆ ಪುಸ್ತಕಗಳಲ್ಲಿದ್ದರು. ಒಂದೇ ರೂಪಾಯಿಯನ್ನು ಗಲ್ಲದಿಂದ ತೆಗೆದು ಮತ್ತೆ ಗಲ್ಲಕ್ಕೆ ಹಾಕಿ, ಪ್ರತಿ ಬಾರಿಯೂ ಜಮಾ ಬರೆದಂತೆ.

ಈ ಕಥೆಗೆ ಇನ್ನೊಂದು ಮುಖವುಂಟು; ಅದನ್ನು ಹೇಳದಿದ್ದರೆ ಈ ಲೇಖನವೂ ಮೇಣದ ತಕ್ಕಡಿಯೇ ಆದೀತು. ಅರ್ಲ್‌ನ ಲೆಕ್ಕ ಹೊರಬಿದ್ದ ಮೇಲೆ, ಮೊದಲೇ ಕುಂದತೊಡಗಿದ್ದ ಆಶಾವಾದ ಪೂರ್ಣವಾಗಿ ನಿರಾಶೆಗೆ ತಿರುಗಿತು. ಮನೋರೋಗ ಗುಣವಾಗುವುದೇ ಇಲ್ಲ ಎಂಬ ಮಾತು ರೂಢಿಯಾಯಿತು. ಆದರೆ ಅದೇ ರಾಜ್ಯದ ವೂಸ್ಟರ್ ಆಸ್ಪತ್ರೆಯಿಂದ ಗುಣಮುಖರೆಂದು ಹೊರಬಂದಿದ್ದ ಹಳೆಯ ರೋಗಿಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಬ್ಬೊಬ್ಬರನ್ನಾಗಿ ಹುಡುಕಿದಾಗ, ಪತ್ತೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಯಿಲೆ ಮತ್ತೆ ಬಂದಿರಲಿಲ್ಲವೆಂದು ತಿಳಿಯಿತು. ಅಂದರೆ ನೂರಕ್ಕೆ ನೂರು ಎಂಬುದೂ ಸುಳ್ಳು, ಸೊನ್ನೆ ಎಂಬುದೂ ಸುಳ್ಳು. ಉಬ್ಬಿಸಿದ ಲೆಕ್ಕವು ಮೊದಲು ದಾನಿಗಳನ್ನು ಮೋಸಗೊಳಿಸಿತು. ಅದು ಒಡೆದಾಗ, ನಿಜವಾಗಿ ಆಗುತ್ತಿದ್ದ ಉಪಕಾರದ ಮೇಲಿನ ನಂಬಿಕೆಯನ್ನೂ ಕೊಂದಿತು. ಸುಳ್ಳು ತೂಕದ ದಂಡವನ್ನು ತೆತ್ತವರು ವರದಿ ಬರೆದವರಲ್ಲ, ಮುಂದಿನ ತಲೆಮಾರಿನ ರೋಗಿಗಳು.

ಅಳತೆಯೇ ಬೇಡ ಎಂಬವರಿಗೆ

ಹಾಗಾದರೆ ಅಂಕಿಗಳನ್ನೇ ಬಿಟ್ಟು ಅನುಭವಿ ವೈದ್ಯನ ಕಣ್ಣನ್ನು ನಂಬಿದರಾಗದೇ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಮನಶ್ಚಿಕಿತ್ಸಕರ ನಡುವೆಯೇ ನಡೆದ ಪರೀಕ್ಷೆಗಳು ಉತ್ತರ ಹೇಳಿವೆ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆ ಪಡೆಯುತ್ತಿದ್ದ 550 ಮಂದಿಯಲ್ಲಿ ಯಾರ ಸ್ಥಿತಿ ಹದಗೆಡುವುದೆಂದು ಅವರವರ ಚಿಕಿತ್ಸಕರನ್ನೇ ಮುಂಚಿತವಾಗಿ ಕೇಳಲಾಯಿತು. ಚಿಕಿತ್ಸಕರು ಹೆಸರಿಸಿದ್ದು 3 ಮಂದಿಯನ್ನು. ಕೊನೆಗೆ ಅಳೆದು ನೋಡಿದಾಗ ಹದಗೆಟ್ಟವರು 40 ಮಂದಿ. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸಹೋದ್ಯೋಗಿಗಳೊಡನೆ ಹೋಲಿಸಿ ತಮ್ಮ ಸಾಮರ್ಥ್ಯಕ್ಕೆ ತಾವೇ ಅಂಕ ಕೊಡುವಂತೆ ಚಿಕಿತ್ಸಕರಿಗೆ ಹೇಳಿದಾಗ, ನಾಲ್ವರಲ್ಲಿ ಒಬ್ಬರು ತಾವು ಅತ್ಯುತ್ತಮ ಹತ್ತನೆಯ ಒಂದು ಪಾಲಿನಲ್ಲಿದ್ದೇವೆಂದರು. ಸರಾಸರಿಗಿಂತ ಕೆಳಗಿದ್ದೇನೆಂದವರು ಒಬ್ಬರೂ ಇಲ್ಲ.

ಇದು ಚಿಕಿತ್ಸಕರ ದುಷ್ಟತನವಲ್ಲ, ಮನುಷ್ಯ ಸ್ವಭಾವ. ಖಾತೆವಹಿ ಇಡದೆ ವ್ಯಾಪಾರವೆಲ್ಲ ತಲೆಯಲ್ಲಿದೆ ಎನ್ನುವ ವರ್ತಕನಿಗೆ ಲಾಭದ ಗಿರಾಕಿ ನೆನಪಿರುತ್ತಾನೆ, ಮತ್ತೆ ಅಂಗಡಿ ಮೆಟ್ಟಿಲು ಹತ್ತದ ಗಿರಾಕಿ ನೆನಪಿರುವುದಿಲ್ಲ. ಸುಧಾರಿಸಿದ ರೋಗಿ ಹಣ್ಣು ಹಂಪಲು ಹಿಡಿದು ಬಂದು ಕೈ ಮುಗಿಯುತ್ತಾನೆ. ಸುಧಾರಿಸದವನು ಬರುವುದನ್ನೇ ಬಿಡುತ್ತಾನೆ. ವೈದ್ಯನ ಕಣ್ಣೆದುರು ಉಳಿಯುವುದು ಮೊದಲನೆಯವನ ಮುಖವೇ.

ಅಳತೆಯಿಂದ ಉಪಕಾರವಾಗುವುದೆಂಬುದಕ್ಕೂ ಆಧಾರವಿದೆ. ಅಮೆರಿಕದ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದ ಮೈಕೆಲ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಪ್ರತಿ ಭೇಟಿಯಲ್ಲಿಯೂ ರೋಗಿಯಿಂದ ಒಂದು ಪ್ರಶ್ನಾವಳಿಯನ್ನು ತುಂಬಿಸಿ, ನಿರೀಕ್ಷಿಸಿದ ದಾರಿಯಲ್ಲಿ ಸಾಗದವರ ಬಗೆಗೆ ಚಿಕಿತ್ಸಕನಿಗೆ ಎಚ್ಚರಿಕೆ ಕೊಡುವ ಪದ್ಧತಿಯನ್ನು ಪರೀಕ್ಷಿಸಿದರು. ಹಾಗೆ ಎಚ್ಚರಿಕೆ ದೊರೆತಾಗ, ದಾರಿ ತಪ್ಪಿದ್ದ ರೋಗಿಗಳಲ್ಲಿ ಹದಗೆಡುವವರ ಪ್ರಮಾಣ ಕಡಿಮೆಯಾಯಿತು. ಇಲ್ಲಿ ಅಂಕಿಯ ಕೆಲಸ ಹೊಗಳುವುದೂ ಅಲ್ಲ, ದಂಡಿಸುವುದೂ ಅಲ್ಲ. ಔಷಧ ಬದಲಿಸಬೇಕೋ, ಮಾತು ಬದಲಿಸಬೇಕೋ, ಮನೆಯವರನ್ನು ಕರೆಸಬೇಕೋ ಎಂದು ವೇಳೆ ಮೀರುವ ಮೊದಲು ಕೇಳುವುದು. ಅಳತೆಯ ಧರ್ಮ ಇಷ್ಟೇ.

ಇಂಗ್ಲೆಂಡಿನ ದೊಡ್ಡ ಲೆಕ್ಕಪುಸ್ತಕ

ಮನಶ್ಚಿಕಿತ್ಸೆಯ ಫಲವನ್ನು ಅತ್ಯಂತ ವಿಸ್ತಾರವಾಗಿ ಅಳೆದು ಬಹಿರಂಗಪಡಿಸಿದ ದೇಶ ಇಂಗ್ಲೆಂಡ್. ಖಿನ್ನತೆ ಮತ್ತು ಆತಂಕಗಳಿಗೆ ಮಾತಿನ ಮೂಲಕ ಚಿಕಿತ್ಸೆ ನೀಡುವ ಸರಕಾರಿ ಯೋಜನೆಯೊಂದು ಅಲ್ಲಿ 2008ರಲ್ಲಿ ಆರಂಭವಾಯಿತು. ಅದಕ್ಕೆ ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯಾರ್ಡ್ ಮತ್ತು ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ ಮುಖ್ಯ ಪ್ರೇರಕರು. ಪ್ರತಿ ಭೇಟಿಯಲ್ಲಿಯೂ ರೋಗಿಯು ಎರಡು ಚಿಕ್ಕ ಪ್ರಶ್ನಾವಳಿಗಳನ್ನು ತುಂಬಬೇಕು. ಖಿನ್ನತೆಗೆ ಒಂಬತ್ತು ಪ್ರಶ್ನೆಗಳ ಪಿ.ಎಚ್.ಕ್ಯು.-9, ಗರಿಷ್ಠ ಅಂಕ 27. ಆತಂಕಕ್ಕೆ ಏಳು ಪ್ರಶ್ನೆಗಳ ಜಿ.ಎ.ಡಿ.-7, ಗರಿಷ್ಠ ಅಂಕ 21. ಮೊದಲನೆಯದರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು, ಎರಡನೆಯದರಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬಂದವರು ರೋಗಿಗಳ ಗಣನೆಗೆ ಸೇರುತ್ತಾರೆ. ಕೊನೆಯಲ್ಲಿ ಎರಡೂ ಆ ಮಿತಿಗಿಂತ ಕೆಳಗಿಳಿದರೆ ಚೇತರಿಸಿಕೊಂಡರೆಂದು ಬರೆಯಲಾಗುತ್ತದೆ. ಚೇತರಿಕೆಯ ಪ್ರಮಾಣ ಶೇಕಡಾ 50 ಇರಬೇಕೆಂಬ ಗುರಿಯನ್ನೂ ಇಟ್ಟರು.

ಈ ಪದ್ಧತಿಯ ದೊಡ್ಡ ಗುಣವನ್ನು ಮೊದಲು ಒಪ್ಪಬೇಕು. ಹಿಂದೆ ಚಿಕಿತ್ಸೆಯ ಮೊದಲಲ್ಲೂ ಕೊನೆಯಲ್ಲೂ ಮಾತ್ರ ಅಳೆಯುತ್ತಿದ್ದಾಗ, ನಡುವೆ ಬಿಟ್ಟುಹೋದವರ ಅಂತಿಮ ಅಂಕಿ ದೊರೆಯುತ್ತಲೇ ಇರಲಿಲ್ಲ. ಪ್ರತಿ ಭೇಟಿಯಲ್ಲಿ ಅಳೆದಾಗ, ಹಾಗೆ ಬಿಟ್ಟುಹೋದವರು ಉಳಿದವರಿಗಿಂತ ಕಡಿಮೆ ಸುಧಾರಿಸಿದ್ದರೆಂದು ಕಂಡುಬಂತು. ಖಾಲಿ ಬಿಟ್ಟ ಸಾಲುಗಳು ನಿಷ್ಪಕ್ಷಪಾತವಾಗಿರುವುದಿಲ್ಲ. ಅವು ಸದಾ ಸಂಸ್ಥೆಯ ಕೀರ್ತಿಯ ಕಡೆಗೆ ವಾಲುತ್ತವೆ ಎಂಬ ಸತ್ಯ ಇದರಿಂದ ಸಿದ್ಧವಾಯಿತು.

ಆದರೆ ಅದೇ ಪುಸ್ತಕವನ್ನು ವರ್ತಕನ ಕಣ್ಣಿನಿಂದ ಓದಬೇಕು. 2019-20ನೆಯ ಸಾಲಿನಲ್ಲಿ ಆ ಯೋಜನೆಗೆ ಬಂದ ಕೋರಿಕೆಗಳು ಸುಮಾರು 16.9 ಲಕ್ಷ. ಚಿಕಿತ್ಸೆಗೆ ಪ್ರವೇಶಿಸಿದವು ಸುಮಾರು 11.7 ಲಕ್ಷ. ಎರಡು ಅಥವಾ ಹೆಚ್ಚು ಭೇಟಿಗಳನ್ನು ಪಡೆದು ಚಿಕಿತ್ಸಾಕ್ರಮವನ್ನು ಮುಗಿಸಿದವು ಸುಮಾರು 6.06 ಲಕ್ಷ. ಚೇತರಿಕೆಯ ಪ್ರಮಾಣ ಶೇಕಡಾ 51.1 ಎಂದು ಪ್ರಕಟವಾದದ್ದು ಈ ಕೊನೆಯ ಗುಂಪಿನಲ್ಲಿ ಆರಂಭದಲ್ಲಿ ಮಿತಿ ಮೀರಿದ್ದವರನ್ನು ಛೇದವನ್ನಾಗಿ ಇಟ್ಟುಕೊಂಡು. ಬಾಗಿಲು ತಟ್ಟಿದ ಕೋರಿಕೆಗಳನ್ನೇ ಛೇದವನ್ನಾಗಿ ಇಟ್ಟರೆ ಐದರಲ್ಲಿ ಒಂದು ಪಾಲಿಗೂ ಕಡಿಮೆಯಾಗುತ್ತದೆ. ಬಂದವರೆಲ್ಲರಿಗೂ ಆ ಚಿಕಿತ್ಸೆಯೇ ತಕ್ಕದ್ದಾಗಿರಲಿಲ್ಲ, ಕೆಲವರನ್ನು ಬೇರೆಡೆಗೆ ಕಳುಹಿಸಿದ್ದುಂಟು, ಒಬ್ಬರೇ ಎರಡು ಬಾರಿ ಬಂದದ್ದೂ ಇರಬಹುದು. ಆದುದರಿಂದ ಈ ಎರಡನೆಯ ಲೆಕ್ಕವೇ ಪೂರ್ಣ ಸತ್ಯವೆನ್ನುವುದೂ ಅನ್ಯಾಯ. ಎರಡು ಲೆಕ್ಕಗಳೂ ಒಂದೇ ಪುಟದಲ್ಲಿ ಇರಬೇಕೆಂಬುದೇ ನ್ಯಾಯ. ಇಂಗ್ಲೆಂಡಿನವರು ಎಲ್ಲ ಅಂಕಿಗಳನ್ನೂ ಪ್ರಕಟಿಸಿದ್ದರಿಂದಲೇ ಹೀಗೆ ಪ್ರಶ್ನಿಸಲು ಸಾಧ್ಯವಾಯಿತು ಎಂಬುದನ್ನೂ ಮರೆಯಬಾರದು. ಪುಸ್ತಕ ತೆರೆದಿಟ್ಟವನ ತಪ್ಪು ಕಾಣುತ್ತದೆ. ಮುಚ್ಚಿಟ್ಟವನು ನಿರ್ದೋಷಿಯಂತೆ ತೋರುತ್ತಾನೆ.

ಮಿತಿಯ ಗೆರೆಯೂ ಮೋಸ ಮಾಡಬಲ್ಲದು. ಖಿನ್ನತೆಯ ಅಂಕ 10 ಇದ್ದವನು 9ಕ್ಕೆ ಇಳಿದರೆ ಗೆರೆ ದಾಟಿದಂತೆ. 26 ಇದ್ದವಳು 12ಕ್ಕೆ ಇಳಿದರೆ ದಾಟಲಿಲ್ಲ. ಮೊದಲನೆಯವನಿಗೆ ಆದ ಬದಲಾವಣೆ ಒಂದು ರಾತ್ರಿಯ ಒಳ್ಳೆಯ ನಿದ್ರೆಯಷ್ಟೇ ಇರಬಹುದು; ಎರಡನೆಯವಳು ಹಾಸಿಗೆಯಿಂದೆದ್ದು ಮಕ್ಕಳಿಗೆ ಅನ್ನ ಬಡಿಸತೊಡಗಿರಬಹುದು. ಈ ದೋಷವನ್ನು ಅರಿತೇ ಅಲ್ಲಿಯವರು ಖಿನ್ನತೆಯಲ್ಲಿ 6, ಆತಂಕದಲ್ಲಿ 4 ಅಂಕಗಳಷ್ಟಾದರೂ ಇಳಿದರೆ ಮಾತ್ರ ನಂಬತಕ್ಕ ಸುಧಾರಣೆ ಎಂಬ ಇನ್ನೊಂದು ಅಳತೆಯನ್ನು ಸೇರಿಸಿದರು. ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಪಿ.ಎಚ್.ಕ್ಯು.-9ರ ಕೊನೆಯ ಪ್ರಶ್ನೆ ಸಾವಿನ ಆಲೋಚನೆಗಳನ್ನು ಕುರಿತದ್ದು. ಒಟ್ಟು ಅಂಕ 8ಕ್ಕೆ ಇಳಿದಿದ್ದರೂ ಆ ಒಂದು ಪ್ರಶ್ನೆಯ ಉತ್ತರ ಹಾಗೆಯೇ ಉಳಿದಿರಬಹುದು. ಮೊತ್ತವನ್ನು ಮಾತ್ರ ನೋಡುವವನು ಅಲ್ಲಿ ಚೇತರಿಕೆ ಎಂದು ಬರೆಯುತ್ತಾನೆ; ಸಾಲುಗಳನ್ನು ಓದುವವನು ಮಾತ್ರ ಒಂದು ಜೀವವನ್ನು ಉಳಿಸುತ್ತಾನೆ.

ಇದಲ್ಲದೆ, ಜನ ವೈದ್ಯನ ಬಳಿಗೆ ಬರುವುದು ಸಂಕಟ ತುತ್ತತುದಿಗೇರಿದಾಗ. ಅಲ್ಲಿಂದ ಕೆಲವರು ಯಾವ ಚಿಕಿತ್ಸೆಯೂ ಇಲ್ಲದೆ ತಾವಾಗಿಯೇ ಸ್ವಲ್ಪ ಇಳಿಯುತ್ತಾರೆ. ಆ ಇಳಿಕೆಯನ್ನೆಲ್ಲ ಚಿಕಿತ್ಸೆಯ ಖಾತೆಗೆ ಬರೆಯುವುದು, ದೀಪಾವಳಿಯ ಸುಗ್ಗಿಯಲ್ಲಿ ಏರಿದ ಮಾರಾಟವನ್ನು ತನ್ನ ಜಾಣ್ಮೆಯ ಖಾತೆಗೆ ಬರೆದಂತೆ.

ಗುರಿ ಇಟ್ಟ ಮೇಲೆ ಏನಾಗುವುದೆಂಬುದನ್ನು ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ 1975ರಲ್ಲಿ ಹಣಕಾಸಿನ ಸಂದರ್ಭದಲ್ಲಿ ಹೇಳಿದ್ದನು. ಆಡಳಿತ ಮಾಡಲೆಂದು ಯಾವ ಅಂಕಿಯ ಮೇಲೆ ಒತ್ತಡ ಹಾಕಲಾಗುವುದೋ ಆ ಅಂಕಿ ತನ್ನ ಸತ್ಯವನ್ನು ಕಳೆದುಕೊಳ್ಳುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಚೇತರಿಕೆಯ ಶೇಕಡಾವಾರಿಗೆ ಅನುದಾನವನ್ನು ಕಟ್ಟಿಹಾಕಿದರೆ, ಕಷ್ಟದ ರೋಗಿಯನ್ನು ಒಳಗೆ ಸೇರಿಸಿಕೊಳ್ಳದಿರುವುದೇ ಶೇಕಡಾವಾರನ್ನು ಏರಿಸುವ ಸುಲಭೋಪಾಯವಾಗುತ್ತದೆ. ಹೆಚ್ಚು ಬಳಲಿದವನಿಗೇ ಬಾಗಿಲು ಮುಚ್ಚುತ್ತದೆ.

ಕರ್ನಾಟಕದ ಎರಡು ಬಗೆಯ ಎಣಿಕೆ

ಮಾನಸಿಕ ಆರೋಗ್ಯದ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಸ್ಥಾನವಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದೇ ಸಂಸ್ಥೆಯ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆಯು, ಚಿಕಿತ್ಸೆ ಬೇಕಾಗಿದ್ದೂ ಪಡೆಯದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇಕಡಾ 70ರಿಂದ 92ರವರೆಗೆ ಇದೆಯೆಂದು ತಿಳಿಸಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಗೂ ನಿಮ್ಹಾನ್ಸ್ ಪ್ರಧಾನ ಕೇಂದ್ರ.

ಇಷ್ಟು ಕೊರತೆ ಇರುವಲ್ಲಿ ಎಷ್ಟು ಮಂದಿಯನ್ನು ತಲುಪಲಾಯಿತೆಂದು ಎಣಿಸುವುದು ಅಗತ್ಯವೇ. ಆದರೆ ತಲುಪಿದ್ದೇ ಫಲವೆಂದು ಭ್ರಮಿಸುವುದು ಬೇರೆ. ಎಷ್ಟು ಕರೆಗಳು ಬಂದವು, ಎಷ್ಟು ಶಿಬಿರಗಳಾದವು, ಎಷ್ಟು ಮಂದಿಗೆ ಗುಳಿಗೆ ಹಂಚಲಾಯಿತು ಇವೆಲ್ಲ ಅಂಗಡಿಯ ಮೆಟ್ಟಿಲು ಹತ್ತಿದವರ ಲೆಕ್ಕ; ಸರಕು ಮನೆಗೆ ತಲುಪಿ ಅಡುಗೆಯಾಯಿತೇ ಎಂಬ ಲೆಕ್ಕವಲ್ಲ. ಧರ್ಮಸಂಸ್ಥೆಗಳ ಉಚಿತ ಶಿಬಿರಗಳ ವರದಿಗಳೂ ಬಹುಮಟ್ಟಿಗೆ ಇಲ್ಲಿಯೇ ನಿಲ್ಲುತ್ತವೆ. ದಾನಿಯ ಭಾವಚಿತ್ರವಿರುತ್ತದೆ, ಉದ್ಘಾಟಕರ ಹೆಸರಿರುತ್ತದೆ, ತಪಾಸಣೆಯಾದವರ ಸಂಖ್ಯೆ ಇರುತ್ತದೆ. ಆರು ತಿಂಗಳ ಅನಂತರ ಅವರು ಹೇಗಿದ್ದಾರೆಂಬ ಒಂದು ಸಾಲೂ ಇರುವುದಿಲ್ಲ.

ಬೇರೆ ಬಗೆಯ ಎಣಿಕೆಯ ಉದಾಹರಣೆಯೂ ಕರ್ನಾಟಕದಲ್ಲಿಯೇ ಇದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾದಿಂದ ಬಳಲುತ್ತ ಮನೆಗಳಲ್ಲಿಯೇ ಉಳಿದಿದ್ದವರನ್ನು 2005ರಿಂದ ನಿಮ್ಹಾನ್ಸ್‌ನ ವೈದ್ಯರು ಹುಡುಕಿ, ವರ್ಷಾಂತರಗಳಲ್ಲಿ ಮತ್ತೆ ಮತ್ತೆ ನೋಡಿದರು. ಅಶರೀರವಾಣಿ ಕೇಳಿಸುವುದು ನಿಂತಿತೇ ಎಂದಷ್ಟೇ ಅವರು ನೋಡಲಿಲ್ಲ. ಭಾರತೀಯ ಮನೋವೈದ್ಯರ ಸಂಘವು ಸಿದ್ಧಪಡಿಸಿದ ‘ಐಡಿಯಾಸ್’ ಎಂಬ ಅಳತೆಯಿಂದ ನಾಲ್ಕು ವಿಷಯಗಳನ್ನು ನೋಡಿದರು: ತನ್ನ ಸ್ನಾನ, ಊಟ, ಬಟ್ಟೆಗಳನ್ನು ತಾನೇ ನೋಡಿಕೊಳ್ಳುವನೇ, ಇತರರೊಡನೆ ಹೇಗೆ ಬೆರೆಯುವನು, ಮಾತನ್ನು ತಿಳಿದು ಮಾತನಾಡಬಲ್ಲನೇ, ಕೆಲಸ ಮಾಡಬಲ್ಲನೇ. 2009ರಲ್ಲಿ ಪ್ರಕಟವಾದ ಅವರ ವರದಿಯಂತೆ, ಔಷಧ ಪಡೆದವರಲ್ಲಿ ಈ ಅಸಾಮರ್ಥ್ಯ ಗಮನಾರ್ಹವಾಗಿ ಇಳಿದಿತ್ತು. ಪಡೆಯದವರಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಮಲೆನಾಡಿನ ಮನೆಯ ತಾಯಿಗೆ ಬೇಕಾದದ್ದು ಇಂತಹ ಲೆಕ್ಕ. ಮಗ ತೋಟಕ್ಕೆ ಹೋದನೇ, ಪಂಕ್ತಿಯಲ್ಲಿ ಕುಳಿತು ಉಂಡನೇ ಎಂಬುದೇ ಅವಳ ತಕ್ಕಡಿ.

ಅನೇಕಾಂತದ ನೆಪ

ಇಲ್ಲಿ ಕೆಲವು ವಿದ್ವಾಂಸರು ಅನೇಕಾಂತವನ್ನು ಅಡ್ಡ ಹಿಡಿಯುವುದುಂಟು. ವೈದ್ಯನ ದೃಷ್ಟಿ ಒಂದು, ರೋಗಿಯ ದೃಷ್ಟಿ ಒಂದು, ಮನೆಯವರದು ಇನ್ನೊಂದು. ಎಲ್ಲವೂ ಒಂದೊಂದು ನಯದಿಂದ ಸತ್ಯವಾದುದರಿಂದ ಲೆಕ್ಕದ ಗೊಡವೆ ಏಕೆ ಎಂಬುದು ಅವರ ವಾದ. ಇದು ಅನೇಕಾಂತವಲ್ಲ, ಆಲಸ್ಯ. ಸ್ಯಾದ್ವಾದವು ಏನನ್ನೂ ಹೇಳದೆ ಇರಲು ಅನುಮತಿ ಕೊಡುವುದಿಲ್ಲ; ಹೇಳಿದ್ದನ್ನು ಯಾವ ಅಪೇಕ್ಷೆಯಿಂದ ಹೇಳಿತೆಂದು ತಿಳಿಸಬೇಕೆಂದು ವಿಧಿಸುತ್ತದೆ. ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕನ್ನು ಹೇಳದ ಮಾತು ಅಪೂರ್ಣ. ‘ಶೇಕಡಾ 80 ಗುಣ’ ಎಂಬ ಮಾತಿಗೆ ಈ ನಾಲ್ಕು ಪ್ರಶ್ನೆಗಳನ್ನು ಹಾಕಿ ನೋಡಲಿ. ಯಾರಲ್ಲಿ ಶೇಕಡಾ 80? ಬಂದವರಲ್ಲೋ, ಉಳಿದವರಲ್ಲೋ? ಎಲ್ಲಿ? ಆಸ್ಪತ್ರೆಯ ಕೋಣೆಯಲ್ಲೋ, ಮನೆಯಲ್ಲೋ? ಎಂದು? ಬಿಡುಗಡೆಯ ದಿನವೋ, ಒಂದು ವರ್ಷದ ಮೇಲೋ? ಯಾವ ಸ್ಥಿತಿಯಲ್ಲಿ? ಲಕ್ಷಣ ಇಳಿದದ್ದೋ, ಬದುಕು ಮರಳಿದ್ದೋ? ಇವಕ್ಕೆ ಉತ್ತರವಿಲ್ಲದ ಅಂಕಿಯು ಏಕಾಂತದ ದುರ್ನಯವೇ ಹೊರತು ಬೇರೆಯಲ್ಲ.

ಟ್ರಸ್ಟುಗಳು ಕೇಳಬೇಕಾದದ್ದು

ಚಿಕಿತ್ಸಾಲಯ ನಡೆಸುವ ಅಥವಾ ಅದಕ್ಕೆ ಧನಸಹಾಯ ನೀಡುವ ಟ್ರಸ್ಟುಗಳ ಆಡಳಿತ ಮಂಡಳಿಗಳು ಕೆಲವು ನಿಯಮಗಳನ್ನು ಮಾಡಿಕೊಳ್ಳುವುದು ಅವಶ್ಯ.

ಭೇಟಿಗಳನ್ನಲ್ಲ, ವ್ಯಕ್ತಿಗಳನ್ನು ಎಣಿಸಬೇಕು. ಒಬ್ಬ ವ್ಯಕ್ತಿಗೆ ಒಂದೇ ಪುಟ; ಹತ್ತು ಬಾರಿ ಬಂದರೂ ಅದೇ ಪುಟ. ಬಂದವರು ಎಷ್ಟು, ನಡುವೆ ಬಿಟ್ಟವರು ಎಷ್ಟು, ತೀರಿಕೊಂಡವರು ಎಷ್ಟು, ಹದಗೆಟ್ಟವರು ಎಷ್ಟು ಎಂಬ ಸಾಲುಗಳು ಸುಧಾರಿಸಿದವರ ಸಾಲಿನ ಪಕ್ಕದಲ್ಲಿಯೇ ಇರಬೇಕು. ಬಿಟ್ಟುಹೋದವರನ್ನು ಆರು ತಿಂಗಳಿಗೂ ವರ್ಷಕ್ಕೂ ಒಮ್ಮೆ ವಿಚಾರಿಸಬೇಕು. ಪ್ರಶ್ನೆ ಕೇಳುವವನು ಚಿಕಿತ್ಸೆ ಕೊಟ್ಟವನಾಗಿರಬಾರದು. ಏಕೆಂದರೆ ಉಪಕಾರ ಮಾಡಿದವನ ಮುಖ ನೋಡಿ ‘ಪರವಾಗಿಲ್ಲ ಡಾಕ್ಟರೇ, ಈಗ ಹಗುರವಾಗಿದೆ’ ಎನ್ನುವುದು ಸಜ್ಜನರ ಸ್ವಭಾವ. ರೋಗಿಯ ಸ್ವಂತ ಗುರಿ ಏನೆಂದು ಮೊದಲ ದಿನವೇ ಅವನ ಮಾತಿನಲ್ಲಿಯೇ ಬರೆದುಕೊಂಡು, ಕೊನೆಯಲ್ಲಿ ಅದಾಯಿತೇ ಎಂದು ಕೇಳಬೇಕು. ಮನೆಯವರ ಹೊರೆ ಇಳಿಯಿತೇ ಎಂಬುದನ್ನೂ ಕೇಳಬೇಕು.

ಶೇಕಡಾವಾರು ಏರಿತೆಂದು ಅನುದಾನ ಹೆಚ್ಚಿಸುವುದೂ ಇಳಿಯಿತೆಂದು ಕಡಿತಗೊಳಿಸುವುದೂ ಸಲ್ಲದು. ಕೆಟ್ಟ ಫಲವನ್ನು ಪ್ರಾಮಾಣಿಕವಾಗಿ ಬರೆದು ತಂದ ವೈದ್ಯನನ್ನು ಸಭೆಯಲ್ಲಿ ತಲೆ ತಗ್ಗಿಸುವಂತೆ ಮಾಡಿದ ಆಡಳಿತ ಮಂಡಳಿಗೆ ಮುಂದಿನ ವರ್ಷ ಒಳ್ಳೆಯ ವರದಿಯೇ ಬರುತ್ತದೆ; ಸತ್ಯ ಬರುವುದಿಲ್ಲ. ನಷ್ಟದ ಲೆಕ್ಕ ತಂದ ಗುಮಾಸ್ತನನ್ನು ಬೈದ ಪೇಢಿಗಳು ಕೊನೆಗೆ ಏನಾದುವೆಂಬುದು ವರ್ತಕ ಕುಟುಂಬಗಳಿಗೆ ತಿಳಿಯದ ಸಂಗತಿಯಲ್ಲ.

ಈ ಲೆಕ್ಕವೆಲ್ಲ ಗುಪ್ತವಾಗಿರಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ರೋಗಿಯ ವಿವರಗಳ ಗೋಪ್ಯತೆಯನ್ನು ಅವನ ಹಕ್ಕೆಂದು ಹೇಳಿದೆ. ಮನೆಯಲ್ಲಿ ಮದುವೆಗೆ ಬಂದ ಮಗಳಿರುವಾಗ ಶಿಬಿರದ ಭಾವಚಿತ್ರ ಸ್ಮರಣಸಂಚಿಕೆಯಲ್ಲಿ ಅಚ್ಚಾದರೆ, ಆ ಕುಟುಂಬ ಮತ್ತೆ ಚಿಕಿತ್ಸೆಗೆ ಬರುವುದಿಲ್ಲ. ಮೊತ್ತಗಳು ಸಭೆಗೆ, ಹೆಸರುಗಳು ಬೀಗದ ಪೆಟ್ಟಿಗೆಗೆ.

ಇದಕ್ಕೆಲ್ಲ ಹಣವೆಲ್ಲಿ, ಜನರೆಲ್ಲಿ ಎಂಬ ಆಕ್ಷೇಪ ಬಂದೇ ಬರುತ್ತದೆ. ವಾರಕ್ಕೊಮ್ಮೆ ವೈದ್ಯರು ಬರುವ ಚಿಕ್ಕ ದವಾಖಾನೆಗೆ ಬೇಕಾದದ್ದು ಒಂದು ಗೆರೆ ಎಳೆದ ಪುಸ್ತಕ, ಒಂದು ದೂರವಾಣಿ, ಗುಟ್ಟು ಕಾಯಬಲ್ಲ ಒಬ್ಬ ನಿವೃತ್ತ ಉಪಾಧ್ಯಾಯ ಅಥವಾ ಬ್ಯಾಂಕ್ ಗುಮಾಸ್ತ. ದೇವಸ್ಥಾನದ ಎಣ್ಣೆ ಬತ್ತಿಯ ಖರ್ಚಿಗೂ ಪ್ರತಿ ವರ್ಷ ಲೆಕ್ಕ ತಪಾಸಣೆ ಮಾಡಿಸುವ ಟ್ರಸ್ಟುಗಳಿಗೆ ಇದು ಭಾರವಾಗಲಾರದು. ನಿಜವಾದ ಅಂಕಿ ಕಂಡರೆ ದಾನಿಗಳು ಹಿಂದೆ ಸರಿಯುವರೆಂಬ ಭಯವೂ ಸಲ್ಲದು. ನೂರರಲ್ಲಿ ನಲವತ್ತು ಮಂದಿ ಸುಧಾರಿಸಿದರೆಂದು ಕೇಳಿ ಹಿಂಜರಿಯುವ ದಾನಿಯು, ನೂರಕ್ಕೆ ನೂರು ಎಂಬ ಸುಳ್ಳು ಒಡೆದ ದಿನ ಎಲ್ಲ ದಾನವನ್ನೂ ನಿಲ್ಲಿಸುವನು. ಅಮೆರಿಕದ ಆಶ್ರಯಾಲಯಗಳ ಇತಿಹಾಸ ಅದನ್ನೇ ಹೇಳುತ್ತದೆ.

ಶ್ರಾವಕ ಕುಟುಂಬಗಳಿಗೂ ಇದರಲ್ಲಿ ಪಾಲಿದೆ. ವೈದ್ಯನಿಗೆ ಬೇಸರವಾದೀತೆಂದು ಸುಳ್ಳು ಸಮಾಧಾನ ಹೇಳುವುದು ವಿನಯವಲ್ಲ. ನಿದ್ರೆ ಬರಲಿಲ್ಲ, ಗುಳಿಗೆಯಿಂದ ನಡುಕ ಬಂತು, ಮಗ ಇನ್ನೂ ಕೋಣೆಯ ಬಾಗಿಲು ತೆರೆಯುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರೆ ಮಾತ್ರ ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುತ್ತದೆ.

ಪ್ರತಿ ದವಾಖಾನೆಯ ಪುಸ್ತಕದಲ್ಲಿಯೂ ಒಂದು ಹೆಸರಿರುತ್ತದೆ. ಅದರ ಮುಂದೆ ಎರಡೋ ಮೂರೋ ದಿನಾಂಕಗಳು, ಆಮೇಲೆ ಖಾಲಿ. ಆ ವ್ಯಕ್ತಿ ಗುಣವಾಗಿ ಕೆಲಸಕ್ಕೆ ಹೋದನೇ, ಬೇರೆ ಊರಿಗೆ ಹೋದನೇ, ಮನೆಯ ಕತ್ತಲೆಯ ಮೂಲೆಗೆ ಮರಳಿದನೇ, ಅಥವಾ ಇಲ್ಲವೇ ಆದನೇ ಎಂದು ಯಾರೂ ಕೇಳಿಲ್ಲ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ವರದಿ ಓದುವಾಗ, ಧರ್ಮದರ್ಶಿಗಳಲ್ಲಿ ಒಬ್ಬರಾದರೂ ಎದ್ದು ಆ ಖಾಲಿ ಸಾಲಿನವನು ಎಲ್ಲಿದ್ದಾನೆಂದು ಕೇಳಲಿ. ಔಷಧದಾನ ಎಂಬ ಮಾತನ್ನು ಅಚ್ಚು ಹಾಕಲು ಅರ್ಹತೆ ಬರುವುದು ಅದಕ್ಕೆ ಉತ್ತರ ದೊರೆತ ಮೇಲೆಯೇ.